ಒಂದು ಮಗುವಿಗಾಗಿ ಉಳಿದವಳು ನಾಡಿಗೇ ತಾಯಿಯಾದಳು

ಪ್ರಿಯರ ಅಗಲಿಕೆ ಯಾವ ಮನೆಯನ್ನೂ ಬಿಟ್ಟಿಲ್ಲ. ಅರಮನೆಗೂ ಅದು ಬಂದಿದೆ, ಗುಡಿಸಲಿಗೂ ಬಂದಿದೆ. ಬರುವ ಅಗಲಿಕೆಯನ್ನು ತಡೆಯುವ ಶಕ್ತಿ ಮನುಷ್ಯನಿಗಿಲ್ಲ. ಅದು ಬಂದ ಮೇಲೆ ಮನಸ್ಸನ್ನು ಯಾವ ಕಡೆಗೆ ತಿರುಗಿಸಬೇಕೆಂಬುದು ಮಾತ್ರ ಅವನ ಕೈಯಲ್ಲಿದೆ.

ನಮ್ಮ ಆಚಾರ್ಯರು ಧ್ಯಾನವನ್ನು ಆರ್ತ, ರೌದ್ರ, ಧರ್ಮ, ಶುಕ್ಲ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಮೊದಲಿನ ಎರಡು ಸಂಸಾರದ ಕಟ್ಟನ್ನು ಬಿಗಿಗೊಳಿಸುತ್ತವೆ. ಕೊನೆಯ ಎರಡು ಅದನ್ನು ಸಡಿಲಿಸುತ್ತವೆ. ಪ್ರಿಯವಾದದ್ದು ದೂರವಾದಾಗ ಅದನ್ನೇ ನೆನೆನೆನೆದು ಕೊರಗುವ ಇಷ್ಟವಿಯೋಗವನ್ನು ಅವರು ಆರ್ತಧ್ಯಾನದಲ್ಲಿ ಸೇರಿಸಿದ್ದಾರೆ. ದುಃಖಪಡುವುದೇ ಪಾಪವೆಂದು ಇದರ ಅರ್ಥವಲ್ಲ. ಕಣ್ಣೀರು ಬರುವುದು ಸಹಜ. ಆ ಕಣ್ಣೀರಿನಲ್ಲೇ ಮನೆ ಕಟ್ಟಿಕೊಂಡು ಕೂರುವುದು ಬಂಧ. ಅದೇ ದುಃಖ ಧರ್ಮಧ್ಯಾನದ ಕಡೆಗೆ ಹೊರಳಿದರೆ ಒಬ್ಬ ಮನುಷ್ಯನನ್ನು ಹಲವರಿಗೆ ನೆರಳಾಗುವಂತೆ ಬೆಳೆಸಬಲ್ಲದು.

ಇದು ಪುಸ್ತಕದ ಮಾತಾಗಿ ಉಳಿಯದೆ ಒಂದು ಬದುಕಾಗಿ ಕಂಡದ್ದು ನಮ್ಮ ಕನ್ನಡ ನೆಲದಲ್ಲಿಯೇ. ಸಾವಿರ ವರ್ಷಗಳ ಹಿಂದೆ ಚಿಕ್ಕ ವಯಸ್ಸಿನಲ್ಲಿ ಪತಿಯನ್ನು ಕಳೆದುಕೊಂಡು, ಒಡಹುಟ್ಟಿದವಳನ್ನೂ ಕಳೆದುಕೊಂಡು, ಮಡಿಲಲ್ಲಿ ಒಂದು ಮಗುವನ್ನಿಟ್ಟುಕೊಂಡು ನಿಂತ ದಾನಚಿಂತಾಮಣಿ ಅತ್ತಿಮಬ್ಬೆಯ ಬದುಕು ಅದು. ಅವಳ ದಾನಗಳ ಲೆಕ್ಕವನ್ನು ನಾವು ಶಾಲೆಯಲ್ಲಿ ಓದಿದ್ದೇವೆ, ಓದಿಸಿದ್ದೇವೆ. ಆ ದಾನಗಳು ಹುಟ್ಟಿದ ನೋವಿನ ಕಡೆಗೆ ಈ ವಾರ ಸ್ವಲ್ಪ ಗಮನ ಕೊಡೋಣ.

ಅತ್ತಿಮಬ್ಬೆಯ ಮನೆತನದ ಮೂಲ ವೆಂಗಿಮಂಡಲದ ಕಮ್ಮೆನಾಡು. ಆ ನಾಡಿನ ಪುಂಗನೂರಿನ ನಾಗಮಯ್ಯನು ಕೌಂಡಿನ್ಯ ಗೋತ್ರದ ಬ್ರಾಹ್ಮಣ, ಜಿನಭಕ್ತ. ಅವನ ಮಕ್ಕಳು ಮಲ್ಲಪ ಮತ್ತು ಪುನ್ನಮಯ್ಯ. ಇಬ್ಬರೂ ಶೂರರು, ಇಬ್ಬರೂ ಶಾಸ್ತ್ರಪ್ರಿಯರು. ತಮ್ಮ ಗುರುಗಳಾದ ಜಿನಚಂದ್ರದೇವರ ನೆನಪಿಗಾಗಿ ಈ ಸಹೋದರರು ಕವಿ ಪೊನ್ನನಿಂದ ಹದಿನಾರನೆಯ ತೀರ್ಥಂಕರರ ಚರಿತ್ರೆಯಾದ ಶಾಂತಿಪುರಾಣವನ್ನು ಬರೆಸಿದರು. ಗುರುವಿನ ಅಗಲಿಕೆಯನ್ನು ಒಂದು ಕಾವ್ಯವಾಗಿ ಮಾರ್ಪಡಿಸಿದ ಮನೆ ಅದು. ಮಲ್ಲಪನ ಮಗಳು ಅತ್ತಿಮಬ್ಬೆ ಆ ಮನೆಯಲ್ಲಿ ಬೆಳೆದಳು. ದುಃಖ ಬಂದಾಗ ಏನು ಮಾಡಬೇಕೆಂಬ ಮೊದಲ ಪಾಠ ಅವಳಿಗೆ ತೌರಿನಲ್ಲಿಯೇ ದೊರೆತಿತ್ತು.

ಆ ಕಾಲ ಶಾಂತವಾದ ಕಾಲವಲ್ಲ. 972ರಲ್ಲಿ ಮಾಳವದ ಪರಮಾರ ಸೀಯಕನು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವನ್ನು ಕೊಳ್ಳೆ ಹೊಡೆದನು. ಮರುವರ್ಷ, 973ರಲ್ಲಿ, ಎರಡನೆಯ ತೈಲಪನು ರಾಷ್ಟ್ರಕೂಟರ ಆಳ್ವಿಕೆಯನ್ನು ಕೊನೆಗಾಣಿಸಿ ಚಾಲುಕ್ಯರ ಸಿಂಹಾಸನವನ್ನು ಮತ್ತೆ ಎತ್ತಿ ನಿಲ್ಲಿಸಿದನು. ಹೊಸ ರಾಜ್ಯವೆಂದರೆ ನಾಲ್ಕು ದಿಕ್ಕಿಗೂ ಯುದ್ಧ. ಅತ್ತಿಮಬ್ಬೆಯ ಚಿಕ್ಕಪ್ಪ ಪುನ್ನಮಯ್ಯನು ರಣರಂಗದಲ್ಲಿ ಮಡಿದನು. ದಂಡನಾಯಕರ ಮನೆಗಳಲ್ಲಿ ಹೆಂಗಸರು ಬಾಗಿಲ ಬಳಿ ಬರುವ ಪ್ರತಿಯೊಬ್ಬ ದೂತನ ಮುಖವನ್ನೂ ಹೆದರಿಕೆಯಿಂದಲೇ ನೋಡಬೇಕಾಗಿದ್ದ ದಿನಗಳು ಅವು.

ಅತ್ತಿಮಬ್ಬೆಯನ್ನೂ ಅವಳ ತಂಗಿ ಗುಂಡಮಬ್ಬೆಯನ್ನೂ ಒಂದೇ ಮನೆಗೆ ಮದುವೆ ಮಾಡಿಕೊಟ್ಟರು. ತೈಲಪ ಚಕ್ರವರ್ತಿಯ ಮಂತ್ರಿ ದಲ್ಲಪನ ಮಗನಾದ ನಾಗದೇವನು ಇಬ್ಬರ ಕೈ ಹಿಡಿದನು. ನಾಗದೇವನು ಪರಾಕ್ರಮಿ, ಚಕ್ರವರ್ತಿಗೂ ಯುವರಾಜ ಇರಿವಬೆಡಂಗ ಸತ್ಯಾಶ್ರಯನಿಗೂ ಬೇಕಾದವನು. ಸವತಿಯರಾದರೂ ಅಕ್ಕತಂಗಿಯರು ಒಂದೇ ಜೀವದಂತೆ ಬಾಳಿದರೆಂದು ಅವರ ಕಥೆಯನ್ನು ಹೇಳುವವರೆಲ್ಲ ನೆನೆಯುತ್ತಾರೆ. ಅತ್ತಿಮಬ್ಬೆಗೆ ಒಬ್ಬ ಮಗ ಹುಟ್ಟಿದನು. ಅವನ ಹೆಸರು ಅಣ್ಣಿಗದೇವ. ತೌರಿನಲ್ಲಿ ಕಾವ್ಯ, ಗಂಡನ ಮನೆಯಲ್ಲಿ ಅಧಿಕಾರ, ಜೊತೆಯಲ್ಲಿ ತಂಗಿ, ತೊಡೆಯ ಮೇಲೆ ಮಗು. ಲೋಕ ಯಾವುದನ್ನು ಸುಖವೆನ್ನುತ್ತದೆಯೋ ಅದೆಲ್ಲ ಅಲ್ಲಿತ್ತು.

ಅನಿತ್ಯ ಭಾವನೆಯನ್ನು ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದಾಗಿ ಇಟ್ಟಿರುವುದು ಸುಮ್ಮನೆ ಅಲ್ಲ. ನಾಗದೇವನು ಅಕಾಲದಲ್ಲಿ ಮರಣ ಹೊಂದಿದನು. ಗುಂಡಮಬ್ಬೆಯು ಪತಿಯ ಚಿತೆಯನ್ನೇರಿ ಸಹಗಮನ ಮಾಡಿದಳು. ಒಂದೇ ಬೆಂಕಿಯಲ್ಲಿ ಅತ್ತಿಮಬ್ಬೆಯ ಗಂಡನೂ ಹೋದನು, ತಂಗಿಯೂ ಹೋದಳು. ಬಾಲ್ಯದಿಂದ ಜೊತೆಯಲ್ಲಿ ಬೆಳೆದವಳು, ಮದುವೆಯ ಮೇಲೂ ಜೊತೆಯಲ್ಲೇ ಇದ್ದವಳು, ಸಾವಿನಲ್ಲಿ ಮಾತ್ರ ಅಕ್ಕನನ್ನು ಬಿಟ್ಟು ಹೋದಳು.

ಅತ್ತಿಮಬ್ಬೆ ಉಳಿದಳು. ಮಗನಿಗಾಗಿ ಉಳಿದಳು.

ಈ ಮಾತನ್ನು ಬೇಗ ಓದಿ ಮುಂದೆ ಹೋಗಬಾರದು. ಆ ದಿನಗಳಲ್ಲಿ ಚಿತೆಯೇರಿದವಳಿಗೆ ಸಮಾಜ ಕೈ ಮುಗಿಯುತ್ತಿತ್ತು, ಕಲ್ಲು ನಿಲ್ಲಿಸುತ್ತಿತ್ತು. ಕನ್ನಡ ನಾಡಿನ ಊರೂರುಗಳಲ್ಲಿ ಇಂದಿಗೂ ನಿಂತಿರುವ ಮಾಸ್ತಿಕಲ್ಲುಗಳು ಆ ಗೌರವದ ಗುರುತುಗಳು. ಉಳಿದವಳಿಗೆ ಯಾರೂ ಕಲ್ಲು ನಿಲ್ಲಿಸುತ್ತಿರಲಿಲ್ಲ. ಒಂದೇ ದಿನ ಒಂದೇ ಮನೆಯ ಇಬ್ಬರು ಹೆಂಡಿರಲ್ಲಿ ಒಬ್ಬಳು ಹೋಗಿ ಒಬ್ಬಳು ಉಳಿದರೆ, ಉಳಿದವಳು ನೂರು ಕಣ್ಣುಗಳ ಮೌನವನ್ನು ಹೊತ್ತು ಬಾಳಬೇಕಾಗುತ್ತದೆ. ಅತ್ತಿಮಬ್ಬೆ ಆ ಭಾರವನ್ನು ಹೊರಲು ಒಪ್ಪಿದಳು.

ಜಿನಧರ್ಮದ ದೃಷ್ಟಿಯಲ್ಲಿ ಅವಳ ಆಯ್ಕೆ ಸರಿಯಾದದ್ದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಲೋಕಮೂಢತೆಗಳನ್ನು ಎಣಿಸುವಾಗ, ಪುಣ್ಯವೆಂದು ಭಾವಿಸಿ ಬೆಂಕಿಗೆ ಬೀಳುವುದನ್ನೂ ಆ ಪಟ್ಟಿಯಲ್ಲಿ ಸೇರಿಸಿದ್ದಾರೆ. ಸಲ್ಲೇಖನದ ಹಾದಿ ಬೇರೆ. ಅದು ಆಯುಷ್ಯ ಮುಗಿಯುತ್ತ ಬಂದಾಗ, ಕಷಾಯಗಳನ್ನು ಕರಗಿಸಿಕೊಂಡು, ಸಮಚಿತ್ತದಿಂದ ಆಚರಿಸುವ ವ್ರತ. ಶೋಕದ ಆವೇಗದಲ್ಲಿ ಪ್ರಾಣ ಬಿಡುವುದಕ್ಕೆ ಅಲ್ಲಿ ಸ್ಥಾನವಿಲ್ಲ. ಹಾಗೆಂದು ಗುಂಡಮಬ್ಬೆಯನ್ನು ಹಳಿಯುವ ಅಧಿಕಾರ ನಮಗಿಲ್ಲ. ಅವಳ ದುಃಖ ಎಷ್ಟಿತ್ತೆಂದು ಅಳೆಯಲು ನಮ್ಮಲ್ಲಿ ಮಾನದಂಡವಿಲ್ಲ. ಅವಳು ಹೋದ ದಾರಿಯಲ್ಲಿ ನೋವು ಒಂದು ಗಳಿಗೆಯಲ್ಲಿ ಮುಗಿಯಿತು. ಅಕ್ಕ ಆರಿಸಿಕೊಂಡ ದಾರಿಯಲ್ಲಿ ಅದು ಪ್ರತಿದಿನ ಬೆಳಿಗ್ಗೆ ಎದ್ದು ಅವಳಿಗಾಗಿ ಕಾಯುತ್ತಿತ್ತು.

ಅತ್ತಿಮಬ್ಬೆ ವ್ರತನಿಯಮಗಳನ್ನು ಕೈಗೊಂಡು ಮನೆಯಲ್ಲಿದ್ದೇ ತಪಸ್ವಿನಿಯಾದಳು. ದೀಕ್ಷೆ ಪಡೆದು ಸಂಘವನ್ನು ಸೇರಿದ್ದರೂ ಯಾರೂ ತಡೆಯುತ್ತಿರಲಿಲ್ಲ. ಆದರೆ ಮಗುವಿಗೆ ತಾಯಿ ಬೇಕಾಗಿತ್ತು. ದೇಹವನ್ನು ಉಪವಾಸಕ್ಕೆ ಒಗ್ಗಿಸುತ್ತಲೇ ಮಗನ ಊಟದ ಹೊತ್ತನ್ನು ಮರೆಯದಿರುವುದು, ಮನಸ್ಸನ್ನು ಲೋಕದಿಂದ ಹಿಂತೆಗೆಯುತ್ತಲೇ ಮಗನಿಗೆ ಲೋಕವನ್ನು ತೋರಿಸಿಕೊಡುವುದು ಸುಲಭದ ಕೆಲಸವಲ್ಲ. ಗೃಹಸ್ಥನ ಧರ್ಮವನ್ನು ಅಣುವ್ರತವೆಂದು ಕರೆದದ್ದರಿಂದ ಅದು ಸಣ್ಣದೆಂದು ಭಾವಿಸುವವರಿದ್ದಾರೆ. ಆದರೆ ಮನೆವಾರ್ತೆಯ ನಡುವೆ ನಿಂತು ಪಾಲಿಸುವ ವ್ರತದ ಕಷ್ಟ ಮನೆಯೊಳಗಿರುವವರಿಗೇ ಗೊತ್ತು.

ಮೂವತ್ತು ವರ್ಷಗಳಿಗೂ ಮಿಕ್ಕಿ ಶಾಲೆಯಲ್ಲಿ ಪಾಠ ಹೇಳಿದವನು ನಾನು. ತಂದೆಯಿಲ್ಲದ ಮಕ್ಕಳನ್ನು ಪ್ರತಿ ವರ್ಷವೂ ತರಗತಿಯಲ್ಲಿ ಕಂಡಿದ್ದೇನೆ. ಒಬ್ಬ ಹುಡುಗನ ತಾಯಿ ಹೊಲದ ಕೂಲಿ ಮುಗಿಸಿಕೊಂಡು, ಮಣ್ಣಿನ ಕಾಲಿನಲ್ಲೇ ಶಾಲೆಯ ಬಾಗಿಲಿಗೆ ಬಂದು ಮಗನ ಓದಿನ ಬಗ್ಗೆ ವಿಚಾರಿಸುತ್ತಿದ್ದಳು. ಒಳಗೆ ಬಂದು ಕುಳಿತುಕೊಳ್ಳಲು ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ಹುಡುಗ ಹಟಮಾರಿ. ತಾಯಿ ಗದರಿದರೆ ಮನೆ ಬಿಟ್ಟು ಹೋಗುತ್ತಿದ್ದ, ಮುದ್ದಿಸಿದರೆ ತಲೆಯ ಮೇಲೆ ಕೂರುತ್ತಿದ್ದ. ಗದರಿಕೆ ಎಲ್ಲಿ ನಿಲ್ಲಬೇಕು, ಮುದ್ದು ಎಲ್ಲಿ ನಿಲ್ಲಬೇಕು ಎಂಬುದನ್ನು ಆ ತಾಯಿ ಹತ್ತು ವರ್ಷಗಳಲ್ಲಿ ಕಲಿತಳು. ಕೊನೆಗೆ ಊರಿನ ಹೆಂಗಸರ ಜಗಳಗಳು ಅವಳ ಮುಂದೆಯೇ ಪರಿಹಾರವಾಗುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಅಧಿಕಾರವಿರಲಿಲ್ಲ. ತನ್ನ ಮಾತು ಕೇಳದ ಒಂದು ಜೀವವನ್ನು ಬಿಟ್ಟುಕೊಡದೆ ಬೆಳೆಸಿದ ಅನುಭವವಿತ್ತು. ನಾಲ್ಕು ಜನ ಅವಳ ಮಾತಿಗೆ ತಲೆಬಾಗುವುದಕ್ಕೆ ಅಷ್ಟು ಸಾಕಾಯಿತು.

ಸೈನಿಕರಿಗೆ ಆಜ್ಞೆ ಮಾಡಬಹುದು. ಮಗುವಿಗೆ ಆಜ್ಞೆ ಮಾಡಿ ಪ್ರೀತಿ ಕಲಿಸಲಾಗದು. ಸೇವಕನ ತಪ್ಪಿಗೆ ಸಂಬಳ ಕಡಿಮೆ ಮಾಡಬಹುದು. ಮಗುವಿನ ತಪ್ಪಿಗೆ ತಾಯಿ ತನ್ನ ನಿದ್ದೆಯನ್ನೇ ಕಳೆದುಕೊಳ್ಳಬೇಕು. ಮಗು ಇಂದು ನೆಟ್ಟು ನಾಳೆ ಕೊಯ್ಯುವ ಬೆಳೆಯಲ್ಲ. ಇಪ್ಪತ್ತು ವರ್ಷ ಕಾಯಬೇಕು. ಕಾದ ಮೇಲೂ ಫಲ ತನಗೇ ಸಿಗುವುದೆಂಬ ಭರವಸೆಯಿಲ್ಲ. ಹೀಗೆ ಫಲದ ಮೇಲೆ ಕಣ್ಣಿಡದೆ ದುಡಿಯುವುದನ್ನು, ತಾನು ಕಾಣದ ನಾಳೆಗಾಗಿ ಇಂದು ತನ್ನದನ್ನು ಕೊಡುವುದನ್ನು ತಾಯ್ತನ ಕಲಿಸುತ್ತದೆ. ಅತ್ತಿಮಬ್ಬೆಯ ಮುಂದಿನ ಬದುಕನ್ನು ನೋಡಿದರೆ ಅವಳು ಈ ಪಾಠವನ್ನು ಮಗನಿಗಷ್ಟೇ ಮೀಸಲಿಡಲಿಲ್ಲವೆಂದು ತಿಳಿಯುತ್ತದೆ.

ಅವಳ ದಾನಗಳಲ್ಲಿ ಹೆಸರಾದದ್ದು ಶಾಸ್ತ್ರದಾನ. ತನ್ನ ತಂದೆಯೂ ಚಿಕ್ಕಪ್ಪನೂ ಬರೆಸಿದ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಅವಳು ಹಂಚಿದಳು. ಮುದ್ರಣಯಂತ್ರದ ಕಾಲದವರಾದ ನಮಗೆ ಸಾವಿರ ಪ್ರತಿ ಎಂಬುದು ಸಣ್ಣ ಸಂಖ್ಯೆಯಾಗಿ ಕೇಳಿಸಬಹುದು. ಆಗ ಗ್ರಂಥವೆಂದರೆ ತಾಳೆಗರಿ. ಗರಿಗಳನ್ನು ತಂದು, ಹದಮಾಡಿ, ಒಣಗಿಸಿ, ಒಂದೇ ಅಳತೆಗೆ ಕತ್ತರಿಸಬೇಕು. ಲಿಪಿಕಾರನು ಲೋಹದ ಕಂಠದಿಂದ ಒಂದೊಂದೇ ಅಕ್ಷರವನ್ನು ಕೊರೆಯಬೇಕು. ಕೊರೆದ ಗೆರೆಗಳಿಗೆ ಮಸಿ ತುಂಬಿ ಒರೆಸಬೇಕು. ಬಳಿಕ ಗರಿಗಳನ್ನು ದಾರದಲ್ಲಿ ಪೋಣಿಸಿ ಹಲಗೆಗಳ ನಡುವೆ ಕಟ್ಟಬೇಕು. ಒಂದು ಚಂಪೂಕಾವ್ಯವನ್ನು ಹೀಗೆ ಮುಗಿಸಲು ಒಬ್ಬ ನುರಿತ ಲಿಪಿಕಾರನಿಗೂ ಎಷ್ಟೋ ದಿನಗಳು ಬೇಕು. ಅದನ್ನು ಸಾವಿರ ಸಲ ಮಾಡಿಸಬೇಕಾದರೆ ಎಷ್ಟು ಕೈಗಳು ದುಡಿದಿರಬೇಕು, ಎಷ್ಟು ಮನೆಗಳಿಗೆ ಅದರಿಂದ ಅನ್ನ ಸಿಕ್ಕಿರಬೇಕು! ಹಣವಿದ್ದ ಮಾತ್ರಕ್ಕೆ ಇದು ಆಗುವ ಕೆಲಸವಲ್ಲ. ಜನರನ್ನು ಕೂಡಿಸುವ, ಕೆಲಸವನ್ನು ಹಂಚುವ, ತಪ್ಪು ತಿದ್ದಿಸುವ, ಕೊನೆಯ ತನಕ ಬಿಡದೆ ನಡೆಸುವ ಶಕ್ತಿ ಬೇಕು. ಅದಕ್ಕೇ ಮುಂದಾಳುತನ ಎಂದು ಹೆಸರು.

ಅವಳು ಆ ಗ್ರಂಥವನ್ನೇ ಆರಿಸಿಕೊಂಡದ್ದನ್ನು ಗಮನಿಸಬೇಕು. ಪುನ್ನಮಯ್ಯನು ಯುದ್ಧದಲ್ಲಿ ಹೋಗಿದ್ದನು. ಗುರು ಜಿನಚಂದ್ರದೇವರು ಅದಕ್ಕೂ ಮೊದಲೇ ಹೋಗಿದ್ದರು. ಅವರ ನೆನಪನ್ನೆಲ್ಲ ಹೊತ್ತಿದ್ದ ಕಾವ್ಯ ನಾಶವಾದರೆ ಅವರು ಎರಡನೆಯ ಸಲ ಸತ್ತಂತೆ. ಒಂದೇ ಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟು ಪೂಜಿಸಿದ್ದರೆ ಹುಳು ತಿನ್ನುತ್ತಿತ್ತು, ಬೆಂಕಿ ಸುಡುತ್ತಿತ್ತು. ಅವಳು ಅದನ್ನು ಸಾವಿರ ಕಡೆಗೆ ಕಳುಹಿಸಿದಳು. ಪ್ರಿಯವಾದದ್ದನ್ನು ಉಳಿಸಿಕೊಳ್ಳಬೇಕಾದರೆ ಮುಷ್ಟಿ ಬಿಗಿಯಬಾರದು, ಹಂಚಬೇಕು. ಅಪರಿಗ್ರಹದ ಈ ಮರ್ಮ ಅವಳಿಗೆ ದುಃಖದಿಂದಲೇ ತಿಳಿದಿತ್ತು. ಧವಲ ಗ್ರಂಥಗಳ ತಾಳೆಗರಿ ಪ್ರತಿಗಳು ಮೂಡುಬಿದಿರೆಯಲ್ಲಿ ಉಳಿದುಬಂದದ್ದರಿಂದಲೇ ನಮಗೆ ಆ ಸಿದ್ಧಾಂತ ಇಂದು ಓದಲು ಸಿಗುತ್ತಿದೆ. ಪ್ರತಿ ವರ್ಷ ಶ್ರುತಪಂಚಮಿಯಂದು ಗ್ರಂಥಗಳಿಗೆ ಪೂಜೆ ಸಲ್ಲಿಸುವಾಗ, ಅವನ್ನು ಬರೆಸಿದ ಕೈಗಳನ್ನೂ ನಾವು ನೆನೆಯಬೇಕು.

ಚಿನ್ನದ, ರತ್ನದ 1500 ಜಿನಬಿಂಬಗಳನ್ನು ಮಾಡಿಸಿ ಕೊಟ್ಟಳೆಂದೂ ಪರಂಪರೆ ಹೇಳುತ್ತದೆ. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳಿಗೂ ಅವಳ ಹೆಸರು ಉಪಮಾನವಾಯಿತು. ಬೇಡಿದ್ದನ್ನು ಕೊಡುವ ಮಣಿ ಚಿಂತಾಮಣಿ, ಅವಳು ದಾನಚಿಂತಾಮಣಿ. ತನಗೆ ಬೇಕಾದದ್ದನ್ನು ಯಾರಿಂದಲೂ ಮರಳಿ ಪಡೆಯಲಾಗದ ಹೆಣ್ಣಿಗೆ, ಬೇಡಿದವರಿಗೆಲ್ಲ ಕೊಡುವವಳೆಂಬ ಹೆಸರು ಬಂದಿತು.

ಇದೇ ಕಾಲದಲ್ಲಿ ರನ್ನ ಅವಳ ಆಶ್ರಯಕ್ಕೆ ಬಂದನು. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ಹುಡುಗ ಅವನು. ಓದಬೇಕೆಂಬ ಒಂದೇ ಹಂಬಲದಿಂದ ಗಂಗರ ನಾಡಿಗೆ ಹೋಗಿ, ಅಜಿತಸೇನಾಚಾರ್ಯರಲ್ಲಿ ಕಲಿತು, ಚಾವುಂಡರಾಯನ ನೆರಳಿನಲ್ಲಿ ಬೆಳೆದವನು. ಅತ್ತಿಮಬ್ಬೆಯ ಪ್ರೇರಣೆಯಿಂದ ಅವನು 993ರಲ್ಲಿ ಅಜಿತಪುರಾಣವನ್ನು ರಚಿಸಿದನು. ಎರಡನೆಯ ತೀರ್ಥಂಕರರ ಚರಿತ್ರೆಯ ಜೊತೆಗೆ ಅವಳ ಮನೆತನದ ಕಥೆಯನ್ನೂ ಅವನು ಅಲ್ಲಿ ಹೇಳಿದ್ದರಿಂದಲೇ ನಮಗೆ ಅವಳ ಬದುಕು ಇಷ್ಟು ಸ್ಪಷ್ಟವಾಗಿ ತಿಳಿದಿದೆ. ಬಳೆಗಾರನ ಮಗನನ್ನು ಕುಲ ನೋಡದೆ, ಗುಣ ನೋಡಿ ಪೋಷಿಸಿದ್ದು ಅವಳ ದೊಡ್ಡತನ. ಆ ಋಣವನ್ನು ಅವನು ಮರೆಯಲಿಲ್ಲ. ತನ್ನ ಮಗನಿಗೆ ಚಾವುಂಡರಾಯನ ನೆನಪಿನಲ್ಲಿ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು.

ಅಜಿತಪುರಾಣದಲ್ಲಿ ಸಗರ ಚಕ್ರವರ್ತಿಯ ಕಥೆಯೂ ಬರುತ್ತದೆ. ಆರು ಖಂಡಗಳನ್ನು ಗೆದ್ದವನು, ಅರವತ್ತು ಸಾವಿರ ಮಕ್ಕಳ ತಂದೆ. ಅವನ ವೈರಾಗ್ಯಕ್ಕೆ ಯಾವ ಉಪದೇಶವೂ ಕಾರಣವಾಗಲಿಲ್ಲ. ಮಕ್ಕಳು ಮಡಿದರೆಂಬ ಸುದ್ದಿ ಕಾರಣವಾಯಿತು. ಚಕ್ರರತ್ನ ಕೈಯಲ್ಲಿದ್ದರೂ ಮಕ್ಕಳ ಒಂದು ಉಸಿರನ್ನು ಮರಳಿ ತರಲಾರೆನೆಂದು ಅರಿತಾಗ ಅವನ ಕಣ್ಣು ತೆರೆಯಿತು. ಚಕ್ರವರ್ತಿಯನ್ನು ತಂದೆಯ ನೋವು ಮನುಷ್ಯನನ್ನಾಗಿ ಮಾಡಿತು. ಆ ಮನುಷ್ಯನು ಮುಕ್ತಿಯ ದಾರಿ ಹಿಡಿದನು. ತನ್ನ ಮನೆಯಲ್ಲಿಯೇ ಸಾವನ್ನು ಕಂಡ ತಾಯಿಯೊಬ್ಬಳು ಈ ಕಥೆಯನ್ನು ಬರೆಸಿದಳೆಂಬುದನ್ನು ನೆನೆದಾಗ, ಆ ಕಾವ್ಯವನ್ನು ಓದುವ ರೀತಿಯೇ ಬದಲಾಗುತ್ತದೆ. ಅಜಿತನೆಂದರೆ ಯಾರೂ ಗೆಲ್ಲಲಾರದವನು. ಶೋಕ ತನ್ನನ್ನು ಗೆಲ್ಲದಂತೆ ನೋಡಿಕೊಂಡವಳು ಆ ತೀರ್ಥಂಕರರ ಚರಿತ್ರೆಯನ್ನು ಬರೆಸಿದ್ದು ಎಷ್ಟು ಉಚಿತವಾಗಿದೆ!

ಅತ್ತಿಮಬ್ಬೆ ಶ್ರವಣಬೆಳಗೊಳಕ್ಕೂ ಹೋದಳು. ಚಾವುಂಡರಾಯನು ನಿಲ್ಲಿಸಿದ ಗೊಮ್ಮಟೇಶ್ವರನ ಮೂರ್ತಿ ಆಗ ಹೊಸತು. ದರ್ಶನವಾಗುವವರೆಗೆ ಆಹಾರ ಮುಟ್ಟುವುದಿಲ್ಲವೆಂಬ ನಿಯಮ ಹಿಡಿದು ಅವಳು ಬೆಟ್ಟವೇರಿದಳೆಂದೂ, ಅಕಾಲದಲ್ಲಿ ಮಳೆ ಸುರಿದು ಅವಳ ಬಳಲಿಕೆಯನ್ನು ತಣಿಸಿತೆಂದೂ ಹೇಳುತ್ತಾರೆ. ಉಕ್ಕಿ ಹರಿಯುತ್ತಿದ್ದ ಗೋದಾವರಿ ಅವಳಿಗೆ ದಾರಿ ಬಿಟ್ಟಿತೆಂದೂ, ಕಟ್ಟು ಹರಿದು ಬಂದ ಮದದಾನೆ ಅವಳ ಮುಂದೆ ಶಾಂತವಾಯಿತೆಂದೂ ಅವಳ ಮಹಿಮೆಯನ್ನು ಹೊಗಳುವ ಕಥೆಗಳಿವೆ. ಇವನ್ನು ಪವಾಡವೆಂದು ನಂಬುವವರು ನಂಬಲಿ. ನನಗೆ ಇನ್ನೊಂದು ಅರ್ಥವೂ ಕಾಣುತ್ತದೆ. ಒಳಗಿನ ಪ್ರವಾಹವನ್ನು ದಾಟಿದವಳನ್ನು ಕಂಡು ಜನ ಹೊರಗಿನ ನದಿಯೂ ಇವಳಿಗೆ ದಾರಿ ಬಿಟ್ಟೀತೆಂದು ನಂಬಿದರು. ತನ್ನ ಕ್ರೋಧವನ್ನೂ ದೈನ್ಯವನ್ನೂ ಅಡಗಿಸಿಕೊಂಡವಳ ಮುಂದೆ ಆನೆಯೂ ತಣ್ಣಗಾದೀತೆಂದು ನಂಬಿದರು. ಇಂಥ ನಂಬಿಕೆಯನ್ನು ಯಾವ ದೊರೆಯೂ ಹಣ ಕೊಟ್ಟು ಪಡೆಯಲಾರನು.

ಈ ಬದುಕಿನ ಕೊನೆಯ ಸಾಕ್ಷಿ ಇರುವುದು ಲಕ್ಕುಂಡಿಯಲ್ಲಿ. ಶಾಸನಗಳ ಲೊಕ್ಕಿಗುಂಡಿ ಅದು. ಗದಗಿನಿಂದ 12 ಕಿಲೋಮೀಟರ್ ದೂರ. ಅಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯ ಇಂದಿಗೂ ನಿಂತಿದೆ. 1007ರ ಶಾಸನವು ಸೂರಸ್ತಗಣದ ಅರ್ಹಣಂದಿ ಪಂಡಿತರನ್ನು ನೆನೆಯುತ್ತದೆ, ಬಸದಿಗೆ ಸಂದ ದಾನವನ್ನು ದಾಖಲಿಸುತ್ತದೆ. ಆಗ ಸಿಂಹಾಸನದಲ್ಲಿದ್ದವನು ಅವಳ ಪತಿಯನ್ನು ಬಲ್ಲ ಇರಿವಬೆಡಂಗ ಸತ್ಯಾಶ್ರಯ. ಅವಳ ಮಗ ಪಡೆವಳ ತೈಲನೆಂಬ ಹೆಸರಿನಿಂದ ಮಾಸವಾಡಿ ನಾಡನ್ನು ಆಳುತ್ತಿದ್ದನು. ಪಡೆವಳನೆಂದರೆ ಸೇನೆಯ ಮುಖ್ಯಸ್ಥ. ಅಂದು ತಾಯಿಯ ಸೆರಗು ಹಿಡಿದು ನಿಂತಿದ್ದ ಅಣ್ಣಿಗದೇವನೇ ಅವನು. ಯಾವ ಮಗುವಿಗಾಗಿ ಅವಳು ಚಿತೆಯಿಂದ ಹಿಂದೆ ಸರಿದಳೋ ಆ ಮಗು ಒಂದು ನಾಡಿಗೆ ಒಡೆಯನಾಗಿ ನಿಂತಾಗ ತಾಯಿ ಬಸದಿ ಕಟ್ಟಿಸಿದಳು.

ಆ ದಿನಗಳೂ ಸುಖದ ದಿನಗಳಾಗಿರಲಿಲ್ಲ. ಚೋಳರು ಒಂಬತ್ತು ಲಕ್ಷ ಸೈನ್ಯದೊಡನೆ ನುಗ್ಗಿ ನಾಡನ್ನು ಹಾಳುಮಾಡಿದರೆಂದು ಅದೇ ಕಾಲದ ಹೊಟ್ಟೂರು ಶಾಸನ ಸಾರುತ್ತದೆ. ಒಂದು ಕಲ್ಲು ಸುಡುವುದನ್ನು ಹೇಳುತ್ತದೆ, ಇನ್ನೊಂದು ಕಲ್ಲು ಕಟ್ಟುವುದನ್ನು ಹೇಳುತ್ತದೆ. ಎರಡೂ ಒಂದೇ ಸೀಮೆಯವು, ಒಂದೇ ಕಾಲದವು. ಯುದ್ಧದ ನಡುವೆ ಬಸದಿ ಕಟ್ಟಿಸುವವರಿಗೆ ನಾಳೆಯ ಮೇಲೆ ನಂಬಿಕೆ ಇರಬೇಕು. ಬೆಂಕಿಯ ಮುಂದೆ ನಿಂತು ನಾಳೆಯನ್ನು ಆರಿಸಿಕೊಂಡಿದ್ದವಳಿಗೆ ಆ ನಂಬಿಕೆ ಹೊಸದಾಗಿರಲಿಲ್ಲ.

ನಿವೃತ್ತನಾಗುವ ಮೊದಲು ನಾನು ಮಕ್ಕಳನ್ನು ಲಕ್ಕುಂಡಿಗೆ ಕರೆದುಕೊಂಡು ಹೋಗಿದ್ದೆ. ಹಿಂದಿನ ಚಾಲುಕ್ಯರ ಗುಡಿಗಳಂತೆ ಮರಳುಗಲ್ಲಿನಲ್ಲಲ್ಲದೆ, ನಯವಾದ ಮೃದುಶಿಲೆಯಲ್ಲಿ ಕಟ್ಟಿದ ಬಸದಿ ಅದು. ಆ ಕಲ್ಲಿನಲ್ಲಿ ಉಳಿ ಸೂಕ್ಷ್ಮವಾಗಿ ಓಡುತ್ತದೆ. ಒಳಗೆ ಚತುರ್ಮುಖ ಬ್ರಹ್ಮನ ಮೂರ್ತಿ ನಿಂತಿದೆ. ಮಕ್ಕಳು ಕಂಬಗಳ ಹೊಳಪಿನಲ್ಲಿ ಮುಖ ನೋಡಿಕೊಂಡು ನಗುತ್ತಿದ್ದರು. ನಾನು ಅವರಿಗೆ ಅಕ್ಕತಂಗಿಯರ ಕಥೆ ಹೇಳಿದೆ. ಹೊರಡುವ ಹೊತ್ತಿಗೆ ಒಬ್ಬ ಹುಡುಗಿ ಹಿಂದೆ ಉಳಿದು ಹೊಸ್ತಿಲಿನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನಿಂತಿದ್ದಳು. ಆ ವರ್ಷವೇ ಅವಳ ತಂದೆ ತೀರಿಕೊಂಡಿದ್ದರು. ಅವಳು ಏನನ್ನೂ ಕೇಳಲಿಲ್ಲ, ನಾನೂ ಏನನ್ನೂ ಹೇಳಲಿಲ್ಲ. ಮರಳಿ ಬರುವಾಗ ಬಸ್ಸಿನಲ್ಲಿ ಅವಳು ತನಗಿಂತ ಚಿಕ್ಕ ಹುಡುಗಿಯೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ತನ್ನ ಡಬ್ಬಿಯ ಅವಲಕ್ಕಿಯನ್ನು ಹಂಚಿಕೊಂಡು ತಿಂದಳು. ನಾನು ಹೇಳಬೇಕೆಂದಿದ್ದ ಪಾಠ ಅಲ್ಲಿಗೆ ಮುಗಿದಿತ್ತು.

ಇಂದು ಕರ್ನಾಟಕ ಸರ್ಕಾರವು ಲೇಖಕಿಯರಿಗೆ ಅತ್ತಿಮಬ್ಬೆಯ ಹೆಸರಿನಲ್ಲಿ ಪ್ರಶಸ್ತಿ ನೀಡುತ್ತಿದೆ. ಅದು ಒಳ್ಳೆಯ ಗೌರವ. ಆದರೆ ಶ್ರಾವಕರಾದ ನಾವು ಅವಳನ್ನು ಪ್ರಶಸ್ತಿಯ ಹೆಸರಾಗಿ ಮಾತ್ರ ನೆನೆದರೆ ಸಾಲದು. ಮುಂದಾಳಾಗಲು ಬಯಸುವವರು ಇಂದು ಹಲವರಿದ್ದಾರೆ. ಸಭೆಯಲ್ಲಿ ಮುಂದಿನ ಆಸನ ಹುಡುಕುತ್ತಾರೆ, ಮಾತಿನ ಕೌಶಲವನ್ನು ಅಭ್ಯಾಸ ಮಾಡುತ್ತಾರೆ. ತನ್ನ ಮನೆಯ ಒಂದು ಜೀವಕ್ಕೆ ತಾಳ್ಮೆಯಿಂದ ಆಸರೆಯಾಗದವನು ಸಾವಿರ ಜನಕ್ಕೆ ಆಸರೆಯಾದಾನೆಂದು ಹೇಗೆ ನಂಬುವುದು? ಜೀವಜೀವಗಳು ಒಂದಕ್ಕೊಂದು ಉಪಕಾರ ಮಾಡಿಕೊಂಡು ಬಾಳಬೇಕೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಕಲಿಸಿದರು. ಆ ಉಪಕಾರ ಮೊದಲು ಕೈಗೆಟಕುವ ಜೀವದಿಂದ ಶುರುವಾಗಬೇಕು.

ದುಃಖ ತಾನಾಗಿ ಯಾರನ್ನೂ ದೊಡ್ಡವರನ್ನಾಗಿ ಮಾಡುವುದಿಲ್ಲ. ದುಃಖದಿಂದ ಕಲ್ಲಾದವರಿದ್ದಾರೆ, ಕಹಿಯಾದವರಿದ್ದಾರೆ, ಇತರರಿಗೂ ಅದೇ ನೋವು ಬರಲೆಂದು ಬಯಸುವವರೂ ಇದ್ದಾರೆ. ಕರ್ಮದ ಉದಯ ನಮ್ಮ ಕೈಯಲ್ಲಿಲ್ಲ. ಉದಯಕ್ಕೆ ಬಂದ ಕರ್ಮವನ್ನು ಸಮಭಾವದಿಂದ ಅನುಭವಿಸಿ ಹೊಸ ಬಂಧವಾಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಅತ್ತಿಮಬ್ಬೆ ಮಾಡಿದ್ದು ಅದನ್ನೇ. ಕಳೆದುಹೋದ ಇಬ್ಬರನ್ನು ನೆನೆಯುತ್ತಲೇ ಉಳಿದ ಒಬ್ಬನನ್ನು ನೋಡಿದಳು. ಆ ಒಬ್ಬನನ್ನು ಬೆಳೆಸಿದ ಕೈಗಳಿಗೆ ಕವಿಗಳೂ ಲಿಪಿಕಾರರೂ ಶಿಲ್ಪಿಗಳೂ ಬಡವರೂ ಮಕ್ಕಳಾದರು.

ನಮ್ಮ ಮನೆಗಳಲ್ಲಿಯೂ ಯಾವುದೋ ಒಂದು ಕುರ್ಚಿ ಖಾಲಿಯಿರಬಹುದು. ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಅದರ ಕಡೆಗೆ ಕಣ್ಣು ಹೋಗುವುದು ಸಹಜ. ಹೋಗಲಿ. ಆಮೇಲೆ ಪಕ್ಕದಲ್ಲಿ ಯಾವ ಮಗು ಹಸಿದಿದೆ, ಯಾವ ಮಗುವಿಗೆ ಪಾಠ ಅರ್ಥವಾಗಿಲ್ಲ, ಯಾವ ಮಗು ಮಾತಾಡದೆ ಕುಳಿತಿದೆ ಎಂದೂ ಒಮ್ಮೆ ನೋಡೋಣ. ಲಕ್ಕುಂಡಿಯ ಬಸದಿಗೆ ಅಡಿಗಲ್ಲು ಬಿದ್ದದ್ದು ಅಂಥ ಒಂದು ನೋಟದಿಂದಲೇ.